ಅಳುವ ಹುಡುಗನ ಚಿತ್ರ ಇದ್ದ ಮನೆಗೆ ಬೆಂಕಿ ಬೀಳುತ್ತದಂತೆ, ಅಮ್ಮನಿಗೆ ಏನು ಹೇಳಲಿ?

ತಿಪಟೂರು_ಹುಡುಗಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ನಾವು ಇರುವುದು ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ. ನನಗೀಗ ಏಳು ತಿಂಗಳು. ಬಾಣಂತನಕ್ಕೆ ಅಂತ ಅಮ್ಮ ಊರಿನಿಂದ ಬಂದು ಮೂರು ವಾರ ಆಯಿತು. ಅವರು ಬರುವ ಮುಂಚೆ ನನ್ನ ಗಂಡ ಇಲ್ಲಿನ ಒಂದು ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲಿ ನಾಲ್ಕು ಪೌಂಡ್ ಕೊಟ್ಟು ಹಳೆಯ ಚಿತ್ರ ತಂದಿದ್ದರು. ನಾಲ್ಕೈದು ವರ್ಷದ ಹುಡುಗ, ಕೆದರಿದ ಕೂದಲು, ಕೆನ್ನೆ ಮೇಲೆ ದಪ್ಪ ದಪ್ಪ ಕಣ್ಣೀರ ಹನಿ. ನೇರ ನಮ್ಮನ್ನೇ ನೋಡುತ್ತಾನೆ. ನನಗೆ ಆ ಮುಖ ನೋಡಿ ಕರುಳು ಚುರುಕ್ ಅಂದಿತು. ಹಾಲ್‌ನಲ್ಲಿ ಸೋಫಾದ ಮೇಲಿನ ಗೋಡೆಗೆ ಹಾಕಿದೆವು.

ಅಮ್ಮ ಬಂದ ದಿನವೇ "ಬಸುರಿ ಇರುವ ಮನೆಯಲ್ಲಿ ಅಳುವ ಮಗು ಯಾಕೆ, ಬೆಣ್ಣೆ ಕೃಷ್ಣನ ಫೋಟೊ ಹಾಕು" ಅಂದರು. ಅದು ನನಗೂ ಅರ್ಥ ಆಗುತ್ತದೆ. ಮಾರನೇ ದಿನ ಸಾರಿಗೆ ಒಗ್ಗರಣೆ ಹಾಕುವಾಗ ಒಣಮೆಣಸಿನಕಾಯಿ ಘಾಟಿಗೆ ಸ್ಮೋಕ್ ಅಲಾರಂ ಕಿರುಚಿಕೊಂಡಿತು, ಅಮ್ಮ ಹೆದರಿ ಸೌಟು ಕೆಳಗೆ ಬಿಟ್ಟರು. ಅವರು ಪದೇ ಪದೇ ಬೆಚ್ಚಿಬೀಳುತ್ತಾರೆ ಅಂತ ಗಂಡ ಅದರ ಬ್ಯಾಟರಿ ತೆಗೆದಿಟ್ಟಿದ್ದಾರೆ. ಇಷ್ಟಕ್ಕೇ ಮುಗಿದಿದ್ದರೆ ಸರಿ ಇತ್ತು. ಅಮ್ಮ ಆ ಚಿತ್ರದ ಫೋಟೊ ತೆಗೆದು ಚಿಕ್ಕಮ್ಮನಿಗೆ ಕಳಿಸಿದರು, ಚಿಕ್ಕಮ್ಮ ತಿರುಗಿ ಒಂದು ವಿಡಿಯೊ ಕಳಿಸಿದರು. ಅದರಲ್ಲಿ ಹೇಳಿದ್ದು ಹೀಗೆ. ಈ ಚಿತ್ರ ಇದ್ದ ಮನೆಗಳು ಒಂದೊಂದಾಗಿ ಸುಟ್ಟು ಬೂದಿಯಾದವು, ಚಿತ್ರಕ್ಕೆ ಮಾತ್ರ ಏನೂ ಆಗಲಿಲ್ಲ. ಆ ಹುಡುಗ ಸ್ಪೇನಿನ ಅನಾಥ, ಹೋದಲ್ಲೆಲ್ಲ ಬೆಂಕಿ ಬೀಳುತ್ತಿತ್ತು, ಜನ ಅವನನ್ನು 'ಡಯಾಬ್ಲೊ', ಅಂದರೆ ಸೈತಾನ, ಅಂತ ಕರೆಯುತ್ತಿದ್ದರು, ಕೊನೆಗೆ ಕಾರಿನಲ್ಲಿ ಸುಟ್ಟು ಸತ್ತ. ಇದೆಲ್ಲ ಶುರುವಾದದ್ದು ರಾದರಮ್ ಅನ್ನುವ ಊರಲ್ಲಿ ಅಂತೆ. ಅದು ನಮ್ಮ ಪಕ್ಕದ ಊರು!

ಈಗ ಅಮ್ಮ ರಾತ್ರಿ ಎರಡು ಸಲ ಎದ್ದು ಒಲೆ ನೋಡಿ ಬರುತ್ತಾರೆ. ಸರಿ, ಬಿಸಾಡೋಣ ಅಂದರೆ ಅದಕ್ಕೂ ಬಿಡುತ್ತಿಲ್ಲ, ಬಿಸಾಡಿದರೆ ಇನ್ನೂ ಕೆಟ್ಟದು ಅಂತೆ. ನಿಜವಾಗಿ ಆಗಿದ್ದೇನು? ಆ ಚಿತ್ರಗಳು ಯಾಕೆ ಸುಡಲಿಲ್ಲ? "ಸುಳ್ಳಮ್ಮ ಅದು" ಅಂತ ಸುಮ್ನೆ ಹೇಳಿದರೆ ಅಮ್ಮ ನಂಬುವುದಿಲ್ಲ.

—

ನಿವೃತ್ತ_ಫೈರ್‌ಮನ್ ಬರೆದದ್ದು:

ತಂಗಿ, ಮೊದಲು ಎದ್ದು ಹೋಗಿ ಆ ಬ್ಯಾಟರಿ ಹಾಕಿಸಿ. ನನ್ನ ಉತ್ತರ ಆಮೇಲೆ ಓದಿದರೂ ಆಯಿತು. ಚಿತ್ರದಿಂದ ನಿಮಗೆ ಏನೂ ಆಗುವುದಿಲ್ಲ. ಬ್ಯಾಟರಿ ಇಲ್ಲದ ಅಲಾರಂ ಇರುವ ಮನೆಯಲ್ಲಿ ಬಸುರಿ, ವಯಸ್ಸಾದ ತಾಯಿ ಮಲಗುವುದು ನನಗೆ ನಿಜವಾಗಿ ಭಯ ಹುಟ್ಟಿಸುವ ವಿಷಯ. ಒಗ್ಗರಣೆ ಹಾಕುವಾಗ ಅಡುಗೆಮನೆ ಬಾಗಿಲು ಮುಚ್ಚಿ, ಕಿಟಕಿ ತೆಗೆಯಿರಿ. ಅಷ್ಟು ಸಾಕು.

ನಾನು ಅಗ್ನಿಶಾಮಕ ದಳದಲ್ಲಿ 31 ವರ್ಷ ಇದ್ದವನು. ಈ ಅಳುವ ಹುಡುಗನ ಕಥೆ ನನಗೆ ಚೆನ್ನಾಗಿ ಗೊತ್ತು, ಯಾಕೆಂದರೆ ಅದು ಹುಟ್ಟಿದ್ದೇ ನಮ್ಮಂಥ ಫೈರ್‌ಮನ್‌ಗಳ ಮಾತಿನಿಂದ.

1985ರ ಸೆಪ್ಟೆಂಬರ್ 4ರಂದು 'ದಿ ಸನ್' ಪತ್ರಿಕೆ ರಾದರಮ್‌ನ ಒಂದು ಮನೆ ಸುಟ್ಟ ಸುದ್ದಿ ಹಾಕಿತು. ಗಂಡ ಹೆಂಡತಿ ಇದ್ದ ಮನೆ. ಬೆಂಕಿ ಶುರುವಾದದ್ದು ಆಲೂಗಡ್ಡೆ ಚಿಪ್ಸ್ ಕರಿಯುವ ಎಣ್ಣೆ ಪಾತ್ರೆಯಿಂದ. ಸಾಮಾನು ಹಾಳಾಯಿತು, ಗೋಡೆಯ ಮೇಲಿದ್ದ ಅಳುವ ಹುಡುಗನ ಚಿತ್ರ ಉಳಿಯಿತು. ಮನೆ ಯಜಮಾನನ ಒಡಹುಟ್ಟಿದವರೇ ಅಲ್ಲಿ ಫೈರ್‌ಮನ್. ಬೇರೆ ಮನೆಗಳಲ್ಲೂ ಇಂಥದ್ದೇ ಚಿತ್ರ ಸುಡದೆ ಸಿಕ್ಕಿದೆ ಅಂತ ಅವರು ಹೇಳಿದರು. ಅದೇ ಊರಿನ ಫೈರ್ ಸ್ಟೇಷನ್ ಆಫೀಸರ್ ಒಬ್ಬರು 1973ರಿಂದ ಇಂಥ ಸುಮಾರು 50 ಬೆಂಕಿಗಳನ್ನು ಬರೆದಿಟ್ಟುಕೊಂಡಿದ್ದರು. ಇಷ್ಟು ನಿಜ. ಆದರೆ ವಿಡಿಯೊದಲ್ಲಿ ಹೇಳದೇ ಇದ್ದದ್ದು ಒಂದಿದೆ. ಅದೇ ಆಫೀಸರ್ ಇದರಲ್ಲಿ ಶಾಪ ಗೀಪ ಏನೂ ಇಲ್ಲ, ಬಹುಪಾಲು ಮನುಷ್ಯರ ಅಜಾಗರೂಕತೆ ಅಂತ ಕೊನೆಯವರೆಗೂ ಹೇಳಿದರು. ಆಗ ಸಂಪಾದಕರಾಗಿದ್ದವರು ಕೆಲ್ವಿನ್ ಮೆಕೆಂಜಿ. ಪತ್ರಿಕೆಗೆ ಬೇಕಾಗಿದ್ದು ಶಾಪ, ಅಜಾಗರೂಕತೆ ಅಲ್ಲ. ದಿನಾ ಹೊಸ ಹೊಸ ಮನೆಗಳ ಕಥೆ ಬರತೊಡಗಿತು. ಚಿತ್ರ ಇಟ್ಟುಕೊಳ್ಳಲು ಹೆದರಿಕೆ ಆದರೆ ನಮಗೆ ಕಳಿಸಿ, ನಾವು ಸುಡುತ್ತೇವೆ ಅಂದರು. ಸುಮಾರು 2,500 ಚಿತ್ರಗಳು ಬಂದವು. ಅಕ್ಟೋಬರ್ ಕೊನೆಯಲ್ಲಿ ಹ್ಯಾಲೊವೀನ್ ಹೊತ್ತಿಗೆ ಥೇಮ್ಸ್ ನದಿ ಹತ್ತಿರ ರಾಶಿ ಹಾಕಿ ಸುಟ್ಟರು. ಸುಟ್ಟವು, ಕಣ್ರೀ. ಸುಡುವುದೇ ಇಲ್ಲ ಅನ್ನುವ ಚಿತ್ರಗಳು ರಾಶಿಯಲ್ಲಿ ಸುಟ್ಟವು! ನಿಮ್ಮ ಅಮ್ಮನಿಗೆ ಇದನ್ನು ಹೇಳಿ.

ಇನ್ನು ಮನೆ ಬೆಂಕಿಯಲ್ಲಿ ಯಾಕೆ ಉಳಿಯಿತು ಅಂದರೆ, ಮುಚ್ಚಿದ ಕೋಣೆಯಲ್ಲಿ ಬೆಂಕಿ ಎದ್ದಾಗ ಬಿಸಿ ಎಲ್ಲ ಚಾವಣಿ ಕಡೆ ಹೋಗಿ ಅಲ್ಲಿಂದ ಕೆಳಗಿಳಿಯುತ್ತಾ ಬರುತ್ತದೆ. ಮೇಲೆ ಉಸಿರಾಡಲು ಆಗದಷ್ಟು ಬಿಸಿ ಇರುವಾಗಲೂ ನೆಲದ ಹತ್ತಿರ ಎಷ್ಟೋ ತಂಪು. ಅದಕ್ಕೇ ನಾವು ತೆವಳಿಕೊಂಡು ಹೋಗುವುದು, ಜನರಿಗೂ ತೆವಳಿ ಹೊರಗೆ ಬನ್ನಿ ಅನ್ನುವುದು. ಚಿತ್ರ ತೂಗುಹಾಕಿದ ದಾರ ಮೊದಲು ಸುಡುತ್ತದೆ, ಚಿತ್ರ ಮುಖ ಕೆಳಗಾಗಿ ಬೀಳುತ್ತದೆ, ಮೇಲೆ ಗಾರೆ, ಬೂದಿ ಬಿದ್ದು ಮುಚ್ಚಿಕೊಳ್ಳುತ್ತದೆ. ಮಾರನೇ ದಿನ ಬಗೆದು ಎತ್ತಿ ನೋಡಿದರೆ ಹುಡುಗ ಹಾಗೇ ಅಳುತ್ತಿರುತ್ತಾನೆ. 2010ರಲ್ಲಿ ಬಿಬಿಸಿ ರೇಡಿಯೊ ಕಾರ್ಯಕ್ರಮಕ್ಕೆ ಅಂತ ಸ್ಟೀವ್ ಪಂಟ್ ಅನ್ನುವವರು ಇಂಥ ಒಂದು ಚಿತ್ರವನ್ನು ಕಟ್ಟಡ ಸಂಶೋಧನೆ ಮಾಡುವ ಪ್ರಯೋಗಾಲಯಕ್ಕೆ ತೆಗೆದುಕೊಂಡು ಹೋಗಿ ಬೆಂಕಿ ಹಚ್ಚಿಸಿದರು. ಅಲ್ಲಿ ಗೊತ್ತಾದದ್ದೂ ಇದೇ. ಮೇಲಿನ ವಾರ್ನಿಶ್ ಬೆಂಕಿ ತಡೆಯುವಂಥದ್ದು, ಮೊದಲು ಹೋಗುವುದು ದಾರ.

ಇನ್ನೊಂದು ವಿಷಯ ನನ್ನನ್ನು ತುಂಬಾ ಕಾಡುತ್ತದೆ. ಆ ವರ್ಷಗಳಲ್ಲಿ ಅಲ್ಲಿನ ಮನೆಗಳಲ್ಲಿ ನಿಜವಾದ ಅಪಾಯ ಇದ್ದದ್ದು ಚಿತ್ರದ ಕೆಳಗಿದ್ದ ಸೋಫಾದಲ್ಲಿ. ಅದರೊಳಗಿನ ಫೋಮ್ ಹತ್ತಿಕೊಂಡರೆ ನಿಮಿಷಗಳಲ್ಲಿ ಕೋಣೆ ತುಂಬಾ ಕಪ್ಪು ವಿಷದ ಹೊಗೆ. 1979ರಲ್ಲಿ ಮ್ಯಾಂಚೆಸ್ಟರ್‌ನ ಒಂದು ದೊಡ್ಡ ಅಂಗಡಿಯಲ್ಲಿ ಹೀಗೆ ಫೋಮ್ ಪೀಠೋಪಕರಣಕ್ಕೆ ಬೆಂಕಿ ಬಿದ್ದು 10 ಜನ ಸತ್ತರು. ಸೋಫಾ, ಹಾಸಿಗೆ ಬೇಗ ಹೊತ್ತಿಕೊಳ್ಳಬಾರದು ಅನ್ನುವ ಕಾನೂನು ಬಂದದ್ದು 1988ರಲ್ಲಿ. ಅಂದರೆ ಜನ ಚಿತ್ರಕ್ಕೆ ಹೆದರಿ ಅಂಚೆಯಲ್ಲಿ ಕಳಿಸುತ್ತಿದ್ದ ದಿನಗಳಲ್ಲಿ ಅದೇ ಸೋಫಾ ಮೇಲೆ ಕೂತು ಸಿಗರೇಟ್ ಸೇದುತ್ತಿದ್ದರು. ಆ ಸೋಫಾ ಬಗ್ಗೆ ಯಾರೂ ದೆವ್ವದ ಕಥೆ ಹೇಳಲಿಲ್ಲ.

ಕೊನೆಗೆ ನನ್ನ ಕಣ್ಣಾರೆ ಕಂಡದ್ದು. ನಮ್ಮಲ್ಲೂ ಗುಡಿಸಲು ಸುಟ್ಟು, ಒಳಗೆ ದೇವರ ಫೋಟೊ ಉಳಿದರೆ ಊರೆಲ್ಲ ಬಂದು ಕೈಮುಗಿಯುತ್ತಾರೆ. ನಾನೂ ಟೋಪಿ ತೆಗೆದು ಮುಗಿದಿದ್ದೇನೆ. ಆದರೆ ದೇವರ ಮನೆ ಸಮೇತ ಎಲ್ಲ ಸುಟ್ಟುಹೋದ ಮನೆಗಳನ್ನು ಅದಕ್ಕಿಂತ ಎಷ್ಟೋ ಜಾಸ್ತಿ ನೋಡಿದ್ದೇನೆ. ಅಲ್ಲಿ ಯಾರೂ ಫೋಟೊ ಸುಟ್ಟಿತು ಅಂತ ಮಾತಾಡುವುದಿಲ್ಲ.

—

ರಾತ್ರಿ_ಬಸ್ ಬರೆದದ್ದು:

ಸರ್, ನಿಮ್ಮ ಅನುಭವಕ್ಕೆ ಗೌರವ ಇದೆ. ಆದರೆ ಒಂದಲ್ಲ ಎರಡಲ್ಲ, 50 ಮನೆ. ಎಲ್ಲದರಲ್ಲೂ ಅದೇ ಚಿತ್ರ. ಇದನ್ನು ಕಾಕತಾಳೀಯ ಅಂತ ಒಪ್ಪಿಕೊಳ್ಳಲು ನನಗೆ ಆಗುತ್ತಿಲ್ಲ. ಅಕ್ಕ, ನಿಮ್ಮ ಹೊಟ್ಟೆಯಲ್ಲಿ ಮಗು ಇದೆ, ನಾಲ್ಕು ಪೌಂಡ್ ಚಿತ್ರಕ್ಕೆ ಯಾಕೆ ಇಷ್ಟು ಯೋಚನೆ, ತೆಗೆದುಬಿಡಿ.

—

ಫ್ರೇಮ್_ಅಂಗಡಿ ಬರೆದದ್ದು:

@ರಾತ್ರಿ_ಬಸ್, ನಿಮ್ಮ ಪ್ರಶ್ನೆ ಸರಿಯಾಗಿದೆ, ಅದಕ್ಕೆ ಉತ್ತರವೂ ಇದೆ. ಈ ಚಿತ್ರಗಳು ಬ್ರಿಟನ್ನಿನಲ್ಲಿ 50,000 ಮಾರಾಟ ಆಗಿವೆ ಅಂತ ಆ ಪತ್ರಿಕೆಯೇ ಬರೆದಿತ್ತು. ದುಡಿಯುವ ಜನರ ಮನೆ ಹಾಲ್‌ಗಳಲ್ಲಿ ಇದು ಸಾಮಾನ್ಯವಾಗಿತ್ತು. 1973ರಿಂದ 85ರವರೆಗೆ 12 ವರ್ಷ, 50 ಬೆಂಕಿ, ವರ್ಷಕ್ಕೆ ನಾಲ್ಕು. ನಮ್ಮಲ್ಲಿ ಸುಟ್ಟ ಮನೆಗಳಲ್ಲಿ ವೆಂಕಟರಮಣನ ಫೋಟೊ ಎಷ್ಟರಲ್ಲಿ ಇತ್ತು ಅಂತ ಯಾರಾದರೂ ಬರೆದಿಟ್ಟರೆ ಪಟ್ಟಿ ಎಷ್ಟು ಉದ್ದ ಆಗಬಹುದು ಯೋಚಿಸಿ. ಹುಡುಗನ ಚಿತ್ರ ಇದ್ದ ಮನೆ ಮಾತ್ರ ಪಟ್ಟಿಗೆ ಸೇರಿತು. ಅವನ ಚಿತ್ರ ಇದ್ದೂ ಸುಡದೇ ಇದ್ದ ಸಾವಿರಾರು ಮನೆಗಳನ್ನು ಯಾರು ಬರೆದಿಡುತ್ತಾರೆ?

ನಾನು ಬೆಂಗಳೂರಿನಲ್ಲಿ ಫ್ರೇಮ್ ಹಾಕುವ ಅಂಗಡಿ ಇಟ್ಟುಕೊಂಡವನು, ಅಪ್ಪನ ಕಾಲದಿಂದ ಇದೇ ಕೆಲಸ. ಅಕ್ಕ, ಚಿತ್ರವನ್ನು ತಿರುಗಿಸಿ ಹಿಂಭಾಗ ನೋಡಿ. ಕಂದು ಬಣ್ಣದ ಗಟ್ಟಿ ಹಲಗೆ ಇದ್ದರೆ ಅದು ಹಾರ್ಡ್‌ಬೋರ್ಡ್. ಮರದ ನಾರನ್ನು ಬಿಸಿಯಲ್ಲಿ ಒತ್ತಿ ಒತ್ತಿ ಮಾಡಿದ್ದು. ಒಳಗೆ ಗಾಳಿಗೆ ಜಾಗ ತೀರಾ ಕಡಿಮೆ, ಹಾಗಾಗಿ ಕಾಗದದ ಹಾಗೆ ಬೇಗ ಹೊತ್ತಿಕೊಳ್ಳುವುದಿಲ್ಲ, ಅಂಚು ಕರಿಕಾಗಿ ನಿಂತುಬಿಡುತ್ತದೆ. ಆ ಕಾಲದ ಈ ಚಿತ್ರಗಳು ಹೆಚ್ಚಾಗಿ ಇಂಥ ಹಲಗೆ ಮೇಲೇ ಅಚ್ಚಾದವು. ದಪ್ಪ ಪುಸ್ತಕ ಒಂದನ್ನು ಮುಚ್ಚಿಟ್ಟು ಬೆಂಕಿ ಹಚ್ಚಿ ನೋಡಿದವರಿಗೆ ಇದು ಗೊತ್ತಿರುತ್ತದೆ, ಅಂಚು ಸುಟ್ಟರೂ ಒಳಗಿನ ಹಾಳೆ ಬೆಳ್ಳಗೇ ಇರುತ್ತದೆ.

ಮುಂದೆ ಕೆಳಗಿನ ಮೂಲೆಯಲ್ಲಿ ಸಹಿ ನೋಡಿ. 'ಬ್ರಾಗೊಲಿನ್' ಅಂತ ಇರಬಹುದು. ಅದು ಇಟ್ಟುಕೊಂಡ ಹೆಸರು, ನಿಜವಾದ ಹೆಸರು ಬ್ರೂನೊ ಅಮಾಡಿಯೊ. ಇಟಲಿಯವರು, 1911ರಲ್ಲಿ ಹುಟ್ಟಿ 1981ರಲ್ಲಿ ತೀರಿಕೊಂಡರು. ಅಂದರೆ ಈ ಗಲಾಟೆ ಎದ್ದಾಗ ಅವರು ಬದುಕಿರಲೇ ಇಲ್ಲ, ಪಾಪ, ಒಂದು ಮಾತು ಹೇಳಲೂ ಅವಕಾಶ ಸಿಗಲಿಲ್ಲ. ಅವರು ಬರೆದದ್ದು ಒಬ್ಬ ಹುಡುಗನನ್ನು ಅಲ್ಲ. ಅಳುವ ಮಕ್ಕಳ ಚಿತ್ರಗಳನ್ನು ಒಂದರ ಮೇಲೊಂದು ಬರೆದರು, ಹೆಣ್ಣುಮಕ್ಕಳದ್ದೂ ಇದೆ. ಇನ್ನೂ ಒಂದು ವಿಷಯ, ಸುಟ್ಟ ಮನೆಗಳಲ್ಲಿ ಸಿಕ್ಕ ಕೆಲವು ಚಿತ್ರಗಳು ಅವರವೇ ಅಲ್ಲ, ಸ್ಕಾಟ್ಲೆಂಡಿನ ಅನ್ನಾ ಜಿಂಕೈಸನ್ ಅನ್ನುವ ಕಲಾವಿದೆಯ ಚಿತ್ರಗಳು. ಚಿತ್ರಕಾರರೇ ಬೇರೆ, ಹುಡುಗರೂ ಬೇರೆ. ಹಾಗಾದರೆ ಶಾಪ ಯಾವ ಹುಡುಗನದ್ದು? 'ಡಯಾಬ್ಲೊ' ಅನ್ನುವ ಅನಾಥನ ಕಥೆ 1985ರ ಸುದ್ದಿಯಲ್ಲಿ ಇರಲೇ ಇಲ್ಲ. ಅದು ಸುಮಾರು 15 ವರ್ಷ ಕಳೆದ ಮೇಲೆ ದೆವ್ವದ ಕಥೆಗಳ ಒಂದು ಪುಸ್ತಕದಲ್ಲಿ ಬಂದು, ಅಲ್ಲಿಂದ ಅಂತರ್ಜಾಲಕ್ಕೆ ಹತ್ತಿಕೊಂಡಿತು.

ನಮ್ಮ ಅಂಗಡಿಯಲ್ಲಿ ರವಿವರ್ಮನ ಲಕ್ಷ್ಮಿ, ಸರಸ್ವತಿ ಚಿತ್ರಗಳು ತುಂಬಾ ಬರುತ್ತವೆ, ಅಜ್ಜಿ ಕಾಲದ ಫ್ರೇಮ್ ಗೆದ್ದಲು ಹಿಡಿದಿದೆ, ಹೊಸದು ಹಾಕಿಕೊಡಿ ಅಂತ. ಆ ಚಿತ್ರಗಳನ್ನು ಅಚ್ಚು ಹಾಕುತ್ತಿದ್ದ ರವಿವರ್ಮ ಪ್ರೆಸ್ ಲೋಣಾವಳ ಹತ್ತಿರದ ಮಳವಲಿಯಲ್ಲಿತ್ತು. 1972ರಲ್ಲಿ ಆ ಪ್ರೆಸ್‌ಗೆ ದೊಡ್ಡ ಬೆಂಕಿ ಬಿದ್ದು ಎಷ್ಟೋ ಚಿತ್ರಗಳು ನಾಶವಾದವು. ನಿಜವಾಗಿ ಬೆಂಕಿ ಬಿದ್ದ ಚಿತ್ರಗಳು ಅಂದರೆ ಅವು. ಆದರೂ ಕಮಲದ ಮೇಲೆ ನಿಂತ ಲಕ್ಷ್ಮಿಗೆ ಬೆಂಕಿಯ ಶಾಪ ಇದೆ ಅಂತ ಯಾರಾದರೂ ಹೇಳಿದ್ದು ಕೇಳಿದ್ದೀರಾ? ಅವಳು ನಗುತ್ತಾಳೆ, ಅವಳನ್ನು ನಾವು ಪ್ರೀತಿಸುತ್ತೇವೆ, ಕಥೆ ಅವಳಿಗೆ ಅಂಟುವುದಿಲ್ಲ. ಅಳುವ ಮಗುವನ್ನು ನೋಡಿದರೆ ನಮಗೆ ಮೊದಲೇ ಒಂಥರಾ ತಪ್ಪು ಮಾಡಿದ ಹಾಗೆ ಆಗುತ್ತದೆ. ಶಾಪದ ಮಾತು ಅಲ್ಲಿ ಬಂದು ಕೂರುತ್ತದೆ. ಇದು ನನ್ನ ಅನಿಸಿಕೆ.

—

ಎಂಎಸ್ಸಿ_ಮುಗಿಯಿತು ಬರೆದದ್ದು:

ಫ್ರೇಮ್ ಅಂಗಡಿ ಅಣ್ಣ ಹೇಳಿದ್ದಕ್ಕೆ ಇನ್ನೊಂದು ಸೇರಿಸುತ್ತೇನೆ. ನಾನು ಓದಿದ್ದು ಲಂಡನ್ ಹತ್ತಿರದ ಎಗಮ್‌ನಲ್ಲಿ, ರಾಯಲ್ ಹಾಲೊವೇ ಕಾಲೇಜಿನಲ್ಲಿ. ಅಲ್ಲಿನ ಚಿತ್ರಶಾಲೆಯಲ್ಲಿ ಪರೀಕ್ಷೆಯೂ ನಡೆಯುತ್ತದೆ. ಗೋಡೆ ಮೇಲೆ ಎಡ್ವಿನ್ ಲ್ಯಾಂಡ್‌ಸೀರ್ 1864ರಲ್ಲಿ ಬರೆದ ದೊಡ್ಡ ಚಿತ್ರ ಇದೆ. ಮಂಜಿನ ನಡುವೆ ಮುರಿದ ಹಡಗು, ಎರಡು ಹಿಮಕರಡಿ. ಒಂದು ಬಟ್ಟೆಯನ್ನು ಹರಿಯುತ್ತಿದೆ, ಇನ್ನೊಂದು ಮನುಷ್ಯನ ಪಕ್ಕೆಲುಬು ಕಚ್ಚಿಕೊಂಡಿದೆ. 1845ರಲ್ಲಿ ಉತ್ತರ ಧ್ರುವದ ಕಡೆ ಎರಡು ಹಡಗಿನಲ್ಲಿ ಹೋಗಿ ಒಬ್ಬರೂ ಹಿಂತಿರುಗದ ಫ್ರಾಂಕ್ಲಿನ್ ತಂಡದ ನೆನಪಿಗೆ ಬರೆದದ್ದು. ಕಾಲೇಜು ಕಟ್ಟಿಸಿದ ಥಾಮಸ್ ಹಾಲೊವೇ 1881ರಲ್ಲಿ 6,615 ಪೌಂಡ್ ಕೊಟ್ಟು ಕೊಂಡಿದ್ದರು.

ಅದರ ಎದುರು ಕೂತರೆ ಫೇಲ್ ಅನ್ನುವ ಮಾತು ಹಳೆಯದು. 1970ರ ದಶಕದಲ್ಲಿ ಯಾರೋ ವಿದ್ಯಾರ್ಥಿ ಅದನ್ನು ಮುಚ್ಚದೆ ನಾನು ಪರೀಕ್ಷೆ ಬರೆಯುವುದೇ ಇಲ್ಲ ಅಂತ ಹಟ ಹಿಡಿದರಂತೆ. ಅಷ್ಟು ದೊಡ್ಡ ಬಟ್ಟೆ ಎಲ್ಲಿಂದ ತರುವುದು? ಕೈಗೆ ಸಿಕ್ಕಿದ್ದು ಬ್ರಿಟನ್ನಿನ ಧ್ವಜ, ಅದನ್ನೇ ಹೊದಿಸಿದರು. ಅಂದಿನಿಂದ ಪರೀಕ್ಷೆ ಬಂದರೆ ಆ ಚಿತ್ರಕ್ಕೆ ಧ್ವಜ. ಆ ಚಿತ್ರ ನೋಡುತ್ತಾ ಒಬ್ಬರು ಹುಚ್ಚು ಹಿಡಿದು ಕಣ್ಣಿಗೆ ಪೆನ್ಸಿಲ್ ಚುಚ್ಚಿಕೊಂಡರು ಅಂತಲೂ ಕಥೆ ಇದೆ, ಅಂಥದ್ದು ನಡೆದ ದಾಖಲೆ ಕಾಲೇಜಿನಲ್ಲಿ ಇಲ್ಲ.

ನಾನು ಇದನ್ನು ಯಾಕೆ ಹೇಳಿದೆ ಅಂದರೆ, ಅವರು ಚಿತ್ರವನ್ನು ಮಾರಲಿಲ್ಲ, ಸುಡಲಿಲ್ಲ. ಹೆದರಿದ ಮಕ್ಕಳಿಗೆ ಬುದ್ಧಿ ಹೇಳಲೂ ಹೋಗಲಿಲ್ಲ. ಪರೀಕ್ಷೆ ಇರುವಷ್ಟು ದಿನ ಮುಚ್ಚುತ್ತಾರೆ, ಮುಗಿದ ಮೇಲೆ ತೆಗೆಯುತ್ತಾರೆ. ಅಕ್ಕ, ನಿಮಗೂ ಇದು ಪರೀಕ್ಷೆ ಸಮಯವೇ ಅಲ್ವಾ?

—

ಮೈಸೂರು_ಸರೋಜಮ್ಮ ಬರೆದದ್ದು:

ಮಗಳೇ, ಎಲ್ಲರೂ ಚಿತ್ರದ ಬಗ್ಗೆ ಹೇಳಿದರು, ನಾನು ನಿಮ್ಮ ಅಮ್ಮನ ಬಗ್ಗೆ ಹೇಳುತ್ತೇನೆ. ನಾನೂ ಮಗಳ ಬಾಣಂತನಕ್ಕೆ ಅಂತ ಪರದೇಶಕ್ಕೆ ಹೋಗಿದ್ದವಳು. ಭಾಷೆ ಬರುವುದಿಲ್ಲ, ಒಲೆ ಬೇರೆ ಥರ, ಹೊರಗೆ ಕಾಲಿಡಲು ಚಳಿ, ಕೇಳಲು ಅಕ್ಕಪಕ್ಕದವರು ಇಲ್ಲ. ಏನಾದರೂ ಎಡವಟ್ಟಾದರೆ ನನ್ನ ಕೈಲಿ ಏನೂ ಆಗುವುದಿಲ್ಲ ಅನ್ನುವ ಭಯ ಎದೆಯಲ್ಲಿ ಕೂತಿರುತ್ತದೆ. ಆ ಭಯಕ್ಕೆ ಒಂದು ಮುಖ ಬೇಕಿತ್ತು, ಈ ಹುಡುಗ ಸಿಕ್ಕಿದ. ನೀವು ಎಷ್ಟು ಲೆಕ್ಕ ಕೊಟ್ಟರೂ ಆ ಭಯ ಅಲ್ಲೇ ಇರುತ್ತದೆ.

ಬಿಸಾಡಲು ಬಿಡುತ್ತಿಲ್ಲ ಅಂದಿರಲ್ಲ, ಅದೂ ನನಗೆ ಅರ್ಥ ಆಗುತ್ತದೆ. ನಮ್ಮ ಬೀದಿಯ ಅರಳಿಕಟ್ಟೆ ನೋಡಬೇಕು ನೀವು. ಗಾಜು ಒಡೆದ ದೇವರ ಫೋಟೊ, ಮೂಗು ಮುರಿದ ಗಣಪ, ಬಣ್ಣ ಹೋದ ಶಾರದೆ, ಎಲ್ಲ ಅಲ್ಲಿ ಸಾಲಾಗಿ ಒರಗಿಕೊಂಡಿರುತ್ತವೆ. ಮನೆಯಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ, ಕಸಕ್ಕೆ ಹಾಕಲು ಕೈ ಬರುವುದಿಲ್ಲ. ಆ ಇಂಗ್ಲೆಂಡಿನ ಜನ 2,500 ಚಿತ್ರ ಪತ್ರಿಕೆಯವರಿಗೆ ಕಳಿಸಿದರು ಅಂತ ಓದಿದಾಗ ನನಗೆ ನಮ್ಮ ಅರಳಿಕಟ್ಟೆಯೇ ಕಣ್ಣಿಗೆ ಬಂತು. ತಮ್ಮ ಕೈಯಾರೆ ಸುಡಲು ಅವರಿಗೂ ಆಗಲಿಲ್ಲ, ನೋಡಿ. ಮುಖ ಇರುವ ಚಿತ್ರ ಅಂದರೆ ಹಾಗೇ.

ಹಾಗಾಗಿ ವಾದ ಮಾಡಬೇಡಿ. ಗೋಡೆಯಿಂದ ಇಳಿಸಿ, ಒಂದು ಹಳೇ ಸೀರೆಯಲ್ಲಿ ಸುತ್ತಿ ಮೇಲೆ ಇಡಿ. ಆ ಜಾಗಕ್ಕೆ ಅಮ್ಮ ಕೇಳಿದ ಕೃಷ್ಣನನ್ನು ಹಾಕಿ. ಮತ್ತೆ, ಆ ಒಲೆ ಹೇಗೆ ಆರಿಸುವುದು, ಅಲಾರಂ ಕೂಗಿದರೆ ಏನು ಮಾಡುವುದು ಅಂತ ಅಮ್ಮನ ಕೈಯಲ್ಲೇ ಮಾಡಿಸಿ ತೋರಿಸಿ. ತನ್ನ ಕೈಲಿ ಆಗುತ್ತದೆ ಅಂತ ಗೊತ್ತಾದ ದಿನ ಅವರು ರಾತ್ರಿ ಏಳುವುದು ನಿಲ್ಲಿಸುತ್ತಾರೆ.

—

ನಿವೃತ್ತ_ಫೈರ್‌ಮನ್ ಬರೆದದ್ದು:

ಅಮ್ಮ, ನೀವು ಹೇಳಿದ್ದು ನಾನು ಹೇಳಬೇಕಿತ್ತು. ಹಾಗೆ ತೋರಿಸುವಾಗ ಇದನ್ನೂ ಹೇಳಿಕೊಡಿ. ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಹಾಕಲೇಬಾರದು. ಅಷ್ಟು ಬಿಸಿ ಎಣ್ಣೆಯೊಳಗೆ ಹೋದ ನೀರು ಆ ಕ್ಷಣಕ್ಕೆ ಹಬೆಯಾಗಿ ಸುಮಾರು 1,700 ಪಟ್ಟು ಉಬ್ಬುತ್ತದೆ, ಉರಿಯುವ ಎಣ್ಣೆಯನ್ನು ಚಾವಣಿಯವರೆಗೆ ಎತ್ತಿ ಎಸೆಯುತ್ತದೆ. ರಾದರಮ್ ಕಡೆಯ ಎಷ್ಟೋ ಮನೆಗಳು ಎಣ್ಣೆ ಬೆಂಕಿಯಿಂದಲೇ ಹಾಳಾದದ್ದು. ಒಲೆ ಆರಿಸಿ, ಪಾತ್ರೆ ಅಲ್ಲಾಡಿಸದೆ ಮೇಲೆ ತಟ್ಟೆ ಮುಚ್ಚಿ. ಆಗದಿದ್ದರೆ ಬಾಗಿಲು ಎಳೆದುಕೊಂಡು ಹೊರಗೆ ಬಂದು 999ಕ್ಕೆ ಫೋನ್ ಮಾಡಿ.

ಮತ್ತೆ ಆ ರಾದರಮ್ ಆಫೀಸರ್ ಮನೆಯಾಕೆ ಹೇಳಿದ ಮಾತೊಂದಿದೆ, ಆ ಮಕ್ಕಳ ಕಣ್ಣೀರೇ ಬೆಂಕಿ ಆರಿಸುತ್ತದೆ ಅಂತ. ನಿಮ್ಮ ಅಮ್ಮನಿಗೆ ಅದು ಇಷ್ಟ ಆಗಬಹುದು.

—

ತಿಪಟೂರು_ಹುಡುಗಿ ಬರೆದದ್ದು:

ಎಲ್ಲರಿಗೂ ತುಂಬಾ ತುಂಬಾ ಧನ್ಯವಾದ. ಬ್ಯಾಟರಿ ಅವತ್ತೇ ರಾತ್ರಿ ಹಾಕಿದೆವು ಸರ್. ಗಂಡನಿಗೆ ನಿಮ್ಮ ಮೊದಲ ಸಾಲು ಓದಿ ಹೇಳಿದೆ, ಅವರು ಮಾತಾಡದೆ ಸ್ಟೂಲ್ ತಂದರು.

ಭಾನುವಾರ ಇಡೀ ಚರ್ಚೆ ಅಮ್ಮನಿಗೆ ಓದಿದೆ. ಹಿಂಭಾಗ ಕಂದು ಹಲಗೆಯೇ ಇದೆ, ಫ್ರೇಮ್ ಅಂಗಡಿ ಅಣ್ಣ. ಸಹಿಯೂ ಅದೇ. ಅಮ್ಮ ಹಲಗೆ ಮೇಲೆ ಬೆರಳಿನಿಂದ ತಟ್ಟಿ ನೋಡಿದರು. ಥೇಮ್ಸ್ ಹತ್ತಿರ ಎಲ್ಲ ಸುಟ್ಟವು ಅಂದಾಗ "ಅಷ್ಟೊಂದು ಮಕ್ಕಳ ಚಿತ್ರ ಸುಟ್ಟರಾ" ಅಂದು ಸ್ವಲ್ಪ ಹೊತ್ತು ಸುಮ್ಮನಾದರು. ಆಮೇಲೆ ಅಲಾರಂನ ಗುಂಡಿ ಅವರೇ ಒತ್ತಿದರು, ಎರಡು ಸಲ. ಎರಡನೇ ಸಲ ಬೆಚ್ಚಿಬೀಳಲಿಲ್ಲ.

ಸರೋಜಮ್ಮ, ನೀವು ಹೇಳಿದ ಹಾಗೇ ಸೀರೆ ಕೇಳಿದೆ. ಅಮ್ಮ ತಮ್ಮ ಹಸಿರು ಹತ್ತಿ ಸೀರೆ ಕೊಟ್ಟರು, ಸುತ್ತಿದ್ದೂ ಅವರೇ. ಬೀರು ಮೇಲೆ ಇಟ್ಟಿದ್ದೇವೆ. ಸುತ್ತುವಾಗ ಕೇಳಿದರು, ಇಷ್ಟು ಜನ ಇಷ್ಟೆಲ್ಲ ಬರೆದಿದ್ದಾರಲ್ಲ, ಆ ಹುಡುಗ ಯಾಕೆ ಅಳುತ್ತಿದ್ದ ಅಂತ ಯಾರೂ ಹೇಳಲಿಲ್ಲವಾ?